ಸ್ಟ್ರಾಬೆರಿ ನೋಡದೆ ಬಂದ ಮೇಷ್ಟ್ರಿಗೆ

ಲೋ ಮೇಷ್ಟ್ರೇ,

ಲೂವ್ರ್‌ನಲ್ಲಿ ಮೊನಾಲಿಸಾ ಮುಂದೆ ನಿಂತ ನಿನ್ನ ಸೆಲ್ಫಿ ಬಂತು. ಅವಳಿಗಿಂತ ನಿನ್ನ ಹೊಟ್ಟೆಯೇ ಜಾಸ್ತಿ ಕಾಣುತ್ತಿದೆ. ಅದೇ ಮ್ಯೂಸಿಯಮ್ಮಿನಲ್ಲಿ ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಕಾರ ಶಾರ್ಡಾಂ ಬರೆದ ಒಂದು ಬುಟ್ಟಿ ಕಾಡು ಸ್ಟ್ರಾಬೆರಿ ಇದೆಯಲ್ಲ, ಅದನ್ನು ನೋಡದೆ ಬಂದೆಯಂತೆ! ಫೋನಿನಲ್ಲಿ ಬೈದರೆ ನಿನಗೆ ತಾಕುವುದಿಲ್ಲ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ.

1761ರ ಚಿತ್ರ ಅದು. ಎತ್ತರ 38 ಸೆಂಟಿಮೀಟರ್, ಅಗಲ 46. ಬುಟ್ಟಿಯಲ್ಲಿ ಮೊನಚಾಗಿ ಪೇರಿಸಿದ ಕೆಂಪು ಹಣ್ಣು, ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಪೀಚ್, ಎರಡು ಚೆರ್ರಿ, ಎರಡು ಬಿಳಿ ಕಾರ್ನೇಷನ್. ಅಷ್ಟೇ. 2022ರಲ್ಲಿ ಹರಾಜಿನಲ್ಲಿ 2.4 ಕೋಟಿ ಯೂರೋ ದಾಟಿತು. ಅಮೆರಿಕಕ್ಕೆ ಹೊರಟಿದ್ದನ್ನು ಫ್ರಾನ್ಸ್ ಸರ್ಕಾರ ತಡೆಯಿತು. ಲೂವ್ರ್‌ನವರು ನಮ್ಮೂರ ಗಣಪತಿ ಹಬ್ಬದ ಹಾಗೆ ಜನರಿಂದ ಚಂದಾ ಎತ್ತಿ, ದೊಡ್ಡ ಕಂಪನಿಯೊಂದರ ದುಡ್ಡೂ ಸೇರಿಸಿ, 2024ರಲ್ಲಿ ಉಳಿಸಿಕೊಂಡರು. ರಸೀದಿ ಪುಸ್ತಕ ನಿನ್ನ ಕೈಯಲ್ಲಿ ಇರಲಿಲ್ಲ, ಪುಣ್ಯ.

ಆಗ ಪ್ಯಾರಿಸ್‌ನಲ್ಲಿ ರೊಕೊಕೊ ಅನ್ನುವ ಅಲಂಕಾರದ ಶೈಲಿಯ ಕಾಲ. ಬೂಶೆಯಂಥ ಚಿತ್ರಕಾರರು ಗುಲಾಬಿ ಮೈಯ ದೇವತೆಗಳನ್ನು ಮೋಡದ ಮೇಲೆ ಮಲಗಿಸುತ್ತಿದ್ದರು. ನಮ್ಮ ಶಾರ್ಡಾಂ ಬೆಳ್ಳುಳ್ಳಿ, ತಾಮ್ರದ ಪಾತ್ರೆ, ಕಾಫಿ ಪಾಟು ಅಂತ ಕೂತಿದ್ದ. 1728ರಲ್ಲಿ ರಾಜನ ಚಿತ್ರಕಲಾ ಅಕಾಡೆಮಿ ಸೇರಿಸಿಕೊಂಡಿದ್ದೂ ಪ್ರಾಣಿ, ಹಣ್ಣು ಬರೆಯುವವನು ಅಂತಲೇ. ಪುರಾಣ, ಇತಿಹಾಸ ಬರೆಯುವವರು ಮೇಲಿನ ಸಾಲು, ಹಣ್ಣು ಬರೆಯುವವರು ತೀರಾ ಕೆಳಗೆ. ಅಕಾಡೆಮಿಯ ಪ್ರದರ್ಶನದಲ್ಲಿ ಬೇರೆಯವರ ಚಿತ್ರಗಳನ್ನು ಗೋಡೆಗೆ ಹಾಕಿಸುವ ಕೆಲಸವೂ ವರ್ಷಗಟ್ಟಲೆ ಇವನದೇ. ಬೇರೆಯವರ ಪುಸ್ತಕದಲ್ಲಿ ಅಲ್ಪವಿರಾಮ ಹುಡುಕುತ್ತಾ ಕೂದಲು ಹಣ್ಣಾದ ನನಗೆ ಇವನು ಇಷ್ಟವಾಗದೆ ಇರುತ್ತಾನಾ? 'ನೋಡು, ಸಣ್ಣದರಲ್ಲೇ ಎಷ್ಟು ನೆಮ್ಮದಿ' ಅಂತ ಎಲ್ಲರಿಗೂ ಇವನನ್ನೇ ತೋರಿಸುತ್ತಿದ್ದೆ.

ಆಮೇಲೆ ಇವನ ಮಗನ ಕಥೆ ಓದಿದೆ. ಹಣ್ಣು ಬರೆಯುವ ಅಪ್ಪ ಮಗನನ್ನು ಇತಿಹಾಸ ಬರೆಯುವ ಚಿತ್ರಕಾರನನ್ನಾಗಿ ಮಾಡಲು ಹೊರಟ. ಆ ಮೇಲಿನ ಸಾಲಿಗೆ. ಹುಡುಗ 1754ರಲ್ಲಿ ದೊಡ್ಡ ಬಹುಮಾನ ಗೆದ್ದ, ರೋಮ್‌ಗೂ ಹೋದ, ಆದರೆ ಹೆಸರು ಮಾಡಲಿಲ್ಲ. ಅಪ್ಪನಿಗಿಂತ ಮೊದಲೇ ತೀರಿಕೊಂಡ. ವೆನಿಸ್‌ನಲ್ಲಿ ನೀರಿಗೆ ಬಿದ್ದು ಸತ್ತ ಅನ್ನುತ್ತಾರೆ.

ಅಂದರೆ ಆ ಬುಟ್ಟಿಯ ಮುಂದೆ ಕೂತವನಿಗೂ ಒಳಗೆ ಸಾಲದು ಅನ್ನಿಸುತ್ತಿತ್ತಾ? ಅಥವಾ ತನಗೆ ಸಾಕು, ಮಗನಿಗೆ ಮಾತ್ರ ಸಾಲದಾ?

ಕೇಳ್ತಿರೋದು ಯಾಕೆ ಅಂದರೆ, ಮೊನ್ನೆ ಮಗಳು ನಮ್ಮೂರಲ್ಲೇ ಟೀಚರ್ ಆಗುತ್ತೇನೆ ಅಂದಳು. ನನ್ನ ಬಾಯಿಂದ ಬಂದದ್ದು, 'ಅಷ್ಟೇನಾ?' ನೀನು ಜೀವಮಾನವಿಡೀ ಮಾಡಿದ ಕೆಲಸಕ್ಕೆ ಕಣೋ. ಅವಳೇನೂ ಅನ್ನಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ನನ್ನ ನೆಮ್ಮದಿಯ ಮೇಲೆ ನನಗೇ ಅನುಮಾನ. ಅದು ನೆಮ್ಮದಿಯೋ, ಬರೀ ಪುಕ್ಕಲುತನವೋ?

ಛೆ, ಇದನ್ನೆಲ್ಲ ಬರೆಯಬೇಕು ಅಂತ ಇರಲಿಲ್ಲ. ನಾಲ್ಕು ಜನ ಓದುವ ಕಡೆ ಬೇರೆ. ಅಳಿಸೋಣ ಅಂದರೆ ಅಲ್ಪವಿರಾಮ ಸರಿಯಾಗಿ ಕೂತಿದೆ, ಮನಸ್ಸು ಬರುತ್ತಿಲ್ಲ.

ಬಿ.ಎಡ್. ಅರ್ಜಿ ವಿಷಯ ಕೇಳಲು ಮಗಳು ನಿನಗೇ ಫೋನ್ ಮಾಡುತ್ತಾಳಂತೆ. ನನ್ನ ಬಗ್ಗೆ ಏನು ಬೇಕಾದರೂ ಹೇಳು. ಆ ಶಿವಮೊಗ್ಗದ ಕೋಳಿ ವಿಷಯ ಮಾತ್ರ ಎತ್ತಬೇಡ.