ಉಪ್ಪುನೀರು ಚುಚ್ಚಿಸಿಕೊಂಡ 696 ಮಂದಿಗೂ

ಕಳೆದ ಶನಿವಾರ ಬೆಳ್ತಂಗಡಿ ಕಡೆಯ ಒಂದು ಗದ್ದೆಯಲ್ಲಿ ನಡೆದ ಹರಕೆಯ ಯಕ್ಷಗಾನ ಆಟದಲ್ಲಿ ನಾನು ನಡುರಾತ್ರಿಯಿಂದ ಮಂಗಳದವರೆಗೆ ಚೆಂಡೆ ಬಾರಿಸಿದೆ. ಇದರಲ್ಲೇನು ವಿಶೇಷ ಎಂದು ನನ್ನನ್ನು ಬಲ್ಲವರು ಕೇಳಬಹುದು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿಕೊಂಡು ಬಂದವನು ನಾನು. ವಿಶೇಷ ಇಷ್ಟೇ: ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸ ನನ್ನ ಕೈ ಬಿಟ್ಟಿತ್ತು. ಬೆಳಗಾದ ಮೇಲೆ ವೇಷದವರು ಬಣ್ಣ ಹಚ್ಚುವ ಚೌಕಿಗೆ ಬಂದು ಚೆಂಡೆ ಇಳಿಸಿ, ಒಂದು ಪೆಟ್ಟಿಗೆಯ ಮೇಲೆ ಕೂತು, ತಲೆನೋವು ಬರುತ್ತದೆಂದು ಕಾದೆ. ಬಣ್ಣ ಒರೆಸಿಕೊಳ್ಳುತ್ತಿದ್ದ ಸ್ತ್ರೀವೇಷದವರು ನನ್ನತ್ತ ನೋಡಿಯೂ ನೋಡದಂತಿದ್ದರು. ಚಹಾ ಬಂತು, ಕುಡಿದೆ. ನೋವು ಬರಲಿಲ್ಲ. ಈ ಬರಹ ಅದರ ಲೆಕ್ಕ ಒಪ್ಪಿಸುವುದಕ್ಕೆ.

2023ರ ಜನವರಿಯಲ್ಲಿ ಆಟ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ನಿದ್ದೆ ತೂಗಿ ಮೋರಿಕಟ್ಟೆಗೆ ಗುದ್ದಿದೆ. ತಪ್ಪು ನನ್ನದೇ. ಹೆಲ್ಮೆಟ್ ತಲೆಯ ಮೇಲಿತ್ತು, ಪಟ್ಟಿ ಹಾಕಿರಲಿಲ್ಲ. ನನಗಿಂತ ಮೊದಲು ಅದೇ ತೋಡಿಗೆ ಹಾರಿತು. ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲವಂತೆ. ಹಾಲಿನ ಡೈರಿಗೆ ಹೋಗುತ್ತಿದ್ದ ಇಬ್ಬರು ಎತ್ತಿ ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ಮುಟ್ಟಿಸಿದರು. ಅವರ ಹೆಸರು ಇವತ್ತಿಗೂ ನನಗೆ ಸಿಕ್ಕಿಲ್ಲ. ಇದನ್ನು ಓದಿದರೆ ಮನೆಗೊಮ್ಮೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆರು ಹೊಲಿಗೆ ಹಾಕಿ ಕಳಿಸಿದರು. ನಾಲ್ಕನೆಯ ದಿನ ಹಿಂದಲೆಯಿಂದ ಹೊರಟ ನೋವು ಬಲಗಣ್ಣಿನ ಹಿಂದೆ ಬಂದು ಕೂತಿತು, ಮತ್ತೆ ಏಳಲಿಲ್ಲ. ಬೆಳಕು ಆಗದು, ಮಾತು ಆಗದು. ಕುಕ್ಕರ್ ಕೂಗಿದರೆ ವಾಂತಿ. ನನ್ನ ಹೆಂಡತಿ ಮನೆಯ ಸ್ಟೀಲ್ ಲೋಟಗಳನ್ನೆಲ್ಲ ಅಟ್ಟಕ್ಕೆ ಹಾಕಿ ಪ್ಲಾಸ್ಟಿಕ್ಕಿನವನ್ನು ತಂದಳು, ತಟ್ಟೆಗೆ ತಟ್ಟೆ ತಗುಲುವ ಸದ್ದೂ ನನಗೆ ತಡೆಯದು ಎಂದು. ಇವತ್ತು ಆಟವಿದೆ ಎಂದು ಊರಿಗೆಲ್ಲ ಕೇಳುವ ಹಾಗೆ ಚೆಂಡೆಯಲ್ಲಿ 'ಕೇಳಿ' ಬಾರಿಸುತ್ತಿದ್ದವನ ಮನೆಯಲ್ಲಿ ಒಂದೂವರೆ ವರ್ಷ ಹಬ್ಬಕ್ಕೂ ಜಾಗಟೆ ಬಾರಿಸಲಿಲ್ಲ.

ಮೊದಲು ತೋರಿಸಿದ ಕಡೆ, 'ಸ್ಕ್ಯಾನ್ ಸರಿ ಇದೆಯಲ್ಲ, ಧೈರ್ಯ ತಂದುಕೊಳ್ಳಿ' ಎಂದರು. ಧೈರ್ಯ ತಂದುಕೊಂಡೆ, ಜೊತೆಗೆ ಮೆಡಿಕಲ್ ಅಂಗಡಿಯಿಂದ ಮಾತ್ರೆಯನ್ನೂ. ದಿನಕ್ಕೆ ಎರಡು, ಆಮೇಲೆ ನಾಲ್ಕು. ದೃಷ್ಟಿ ತೆಗೆಸಿದ್ದಾಯಿತು, ದೈವದ ಮುಂದೆ ಕೈ ಮುಗಿದು ನುಡಿ ಕೇಳಿದ್ದಾಯಿತು. ನಗುವವರು ನಗಲಿ, 'ಮದ್ದು ಬಿಡಬೇಡ, ಒಳ್ಳೆಯ ವೈದ್ಯರನ್ನು ಹುಡುಕು' ಎಂದು ಅಪ್ಪಣೆ ಕೊಟ್ಟದ್ದು ದೈವವೇ.

ಹಾಗೆ ಹುಡುಕಿದಾಗ ಮಂಗಳೂರಿನಲ್ಲಿ ಸಿಕ್ಕವರು ಒಬ್ಬ ನರರೋಗ ತಜ್ಞೆ. ತಮ್ಮ ಹೆಸರು ಹಾಕಬಾರದೆಂದು ಹೇಳಿದ್ದಾರೆ, ಹಾಕುವುದಿಲ್ಲ. ನನ್ನ ಚೀಲದಲ್ಲಿದ್ದ ಸ್ಕ್ಯಾನ್ ಹಾಳೆಗಳನ್ನು ಅವರು ಮೊದಲು ನೋಡಲಿಲ್ಲ. ನೋವು ಎಲ್ಲಿ ಹುಟ್ಟುತ್ತದೆ ಎಂದು ನನ್ನ ಬೆರಳಿನಿಂದಲೇ ತೋರಿಸಲು ಹೇಳಿದರು. ಪೆಟ್ಟು ಬಿದ್ದ ಏಳು ದಿನದೊಳಗೆ ಶುರುವಾಗಿ ಮೂರು ತಿಂಗಳು ದಾಟಿದ ತಲೆನೋವಿಗೆ ಪ್ರತ್ಯೇಕ ಹೆಸರೇ ಇದೆಯಂತೆ, ಸ್ಕ್ಯಾನ್ ಸರಿಯಿದ್ದವರಿಗೂ ಅದು ಬರುತ್ತದಂತೆ. ಒಂಬತ್ತು ತಿಂಗಳ ಮೇಲೆ ನನ್ನ ನೋವನ್ನು ಒಬ್ಬರು ನಿಜವೆಂದು ಒಪ್ಪಿದ್ದು ಆಗ. ಅಲ್ಲಿಯೇ ಅತ್ತುಬಿಟ್ಟೆ. ಮೇಳದವರು ಇದನ್ನು ಓದಿ ತಮಾಷೆ ಮಾಡುತ್ತಾರೆಂದು ಗೊತ್ತು, ಮಾಡಲಿ.

ಅವರು ಮಾಡಿದ ಮೊದಲ ಕೆಲಸ ಮಾತ್ರೆ ನಿಲ್ಲಿಸಿದ್ದು. ನೋವಿನ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ, ಎರಡು ಮೂರು ಮದ್ದು ಬೆರೆತ ಮಾತ್ರೆಯಾದರೆ ಹತ್ತೇ ದಿನ, ಹೀಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ನಾನು ನುಂಗುತ್ತಿದ್ದದ್ದು ಬೆರಕೆಯದು, ದಿನವೂ. ಬಿಟ್ಟ ಎರಡು ವಾರ ಹೇಗಿತ್ತು ಎಂದು ಬರೆಯಲು ಹೋಗುವುದಿಲ್ಲ. ಆ ಎರಡು ವಾರ ಅಕ್ಕ ತನ್ನ ಮನೆ ಬಿಟ್ಟು ಬಂದು ನಮ್ಮಲ್ಲಿ ನಿಂತಳು. ಅವಳಿಗೆ ಈ ಜನ್ಮದಲ್ಲಿ ಋಣ ತೀರದು.

ಆಮೇಲೆ ಹಿಂದಲೆಯ ನರಕ್ಕೆ ಒಂದು ಇಂಜೆಕ್ಷನ್. ತಲೆಬುರುಡೆಯ ಹಿಂದಿನ ಉಬ್ಬಿನಿಂದ ಕಿವಿಯ ಕಡೆಗೆ ಸ್ವಲ್ಪ ಸರಿದರೆ ಸಿಗುವ ಆ ನರದ ಸುತ್ತ ಮರಗಟ್ಟಿಸುವ ಮದ್ದು ಬಿಡುತ್ತಾರೆ, ಹಲ್ಲಿನ ಡಾಕ್ಟರು ಕೊಡುವಂಥದ್ದೇ. ಐದು ನಿಮಿಷದಲ್ಲಿ ಅರ್ಧ ತಲೆ ನನ್ನದಲ್ಲ ಎನಿಸಿತು, ಬಾಚಿಕೊಂಡರೂ ಗೊತ್ತಾಗದು. ಆ ಮಧ್ಯಾಹ್ನ ಬಸ್ಸಿನಲ್ಲಿ ಬರುವಾಗ ಉಪ್ಪಿನಂಗಡಿಯ ಹತ್ತಿರ ನೇತ್ರಾವತಿಯನ್ನು ಕಣ್ಣು ಕಿರಿದು ಮಾಡದೆ ನೋಡಿದೆ. ಹನ್ನೊಂದು ದಿನ ಚೆನ್ನಾಗಿತ್ತು, ಹನ್ನೆರಡನೆಯ ದಿನ ನೋವು ಮರಳಿತು. ಎರಡನೆಯ ಬಾರಿ ಕೊಟ್ಟಾಗ ಅಷ್ಟೂ ಆಗಲಿಲ್ಲ.

ಆಗ ಡಾಕ್ಟರರು ಬೊಟುಲಿನಮ್ ಟಾಕ್ಸಿನ್ ಮಾತೆತ್ತಿದರು. ಸುಕ್ಕು ತೆಗೆಯಲು ಸಿನಿಮಾದವರು ಚುಚ್ಚಿಸಿಕೊಳ್ಳುವ ಬೊಟಾಕ್ಸ್, ಅದೇ. 'ಮೈಗ್ರೇನಿಗೆ ಇದನ್ನು ದೊಡ್ಡದಾಗಿ ಪರೀಕ್ಷಿಸಿದ್ದಾರೆ. ಪೆಟ್ಟಿನಿಂದ ಬಂದ ತಲೆನೋವಿಗೆ ಆಗಿರುವುದು ಸಣ್ಣ ಪರೀಕ್ಷೆಗಳು. ನಿಮ್ಮ ನೋವು ಮೈಗ್ರೇನಿನ ಹಾಗೆಯೇ ವರ್ತಿಸುತ್ತಿದೆ, ಅದಕ್ಕಾಗಿ ಕೊಟ್ಟು ನೋಡೋಣ ಎನ್ನುತ್ತಿದ್ದೇನೆ. ಗುಣವಾಗುತ್ತದೆ ಎಂದು ಮಾತು ಕೊಡಲಾರೆ' ಎಂದರು. ಮಾತು ಕೊಡದ ಆ ಮಾತೇ ನನಗೆ ಹಿಡಿಸಿತು. ಅಷ್ಟರಲ್ಲಿ ಗ್ಯಾರಂಟಿ ಕೊಟ್ಟವರನ್ನು ಸಾಕಷ್ಟು ನೋಡಿದ್ದೆ.

ಮದ್ದು ದುಬಾರಿ. ಆ ವಿಷಯ ಮೇಳದವರಿಗೆ ಹೇಗೆ ಗೊತ್ತಾಯಿತೋ, ಶಾಲೆಯ ಸಭಾಂಗಣದಲ್ಲಿ ಸಹಾಯಾರ್ಥ ತಾಳಮದ್ದಳೆ ಇಟ್ಟರು, ವೇಷವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಆಟ. ಭಾಗವತರೂ ಅರ್ಥಧಾರಿಗಳೂ ಸಂಭಾವನೆ ಮುಟ್ಟಲಿಲ್ಲ. ನಾನು ಒಳಗೆ ಕೂರಲಾಗದೆ ಹೊರಗೆ ಕಾರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೆ. ನಡುವೆ ಮದ್ದಳೆಯ ಅಣ್ಣ ಹೊರಗೆ ಬಂದು ಕಾರಿನ ಗಾಜು ತಟ್ಟಿ, 'ಚೆಂಡೆಯನ್ನು ಗೋಣಿಯಲ್ಲಿ ಸುತ್ತಿ ಬಾರಿಸಲು ಹೇಳಿದ್ದೇನೆ, ಕೇಳುತ್ತದೆಯೇ?' ಎಂದರು. ಕೇಳುತ್ತಿತ್ತು. ಇಲ್ಲ ಎಂದೆ.

2024ರ ಫೆಬ್ರವರಿಯಲ್ಲಿ ಮೊದಲ ಸರದಿ. ಹಣೆಯಲ್ಲಿ ಏಳು ಕಡೆ, ಎರಡು ಕಣತಲೆಗಳಲ್ಲಿ ಎಂಟು, ಹಿಂದಲೆಯಲ್ಲಿ ಆರು, ಕತ್ತಿನಲ್ಲಿ ನಾಲ್ಕು, ಹೆಗಲುಗಳಲ್ಲಿ ಆರು: ಒಟ್ಟು 31 ಚುಚ್ಚು, ಒಂದೊಂದಕ್ಕೆ 5 ಯೂನಿಟ್, 155 ಯೂನಿಟ್. ಕತ್ತು, ಹೆಗಲು ಎಂದಾಗ ನಾನು ತಡೆದೆ. ಯಕ್ಷಗಾನದ ನಮ್ಮ ತೆಂಕುತಿಟ್ಟು ಶೈಲಿಯಲ್ಲಿ ಚೆಂಡೆಯನ್ನು ಹೆಗಲಿಗೆ ನೇತುಹಾಕಿ ನಿಂತು ಬಾರಿಸಬೇಕು; ಈ ಮದ್ದಿನ ಗುಣವೇ ಸ್ನಾಯು ಸಡಿಲಿಸುವುದು. ಹೆಗಲು ಸೋತರೆ ತಲೆ ಸರಿಯಾಗಿ ಏನು ಪ್ರಯೋಜನ? ಡಾಕ್ಟರರು ಸಿರಿಂಜ್ ಕೆಳಗಿಟ್ಟು, 'ನಾಳೆ ಚೆಂಡೆ ತನ್ನಿ' ಎಂದರು. ಮರುದಿನ ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ನಾನು ಚೆಂಡೆ ಹೆಗಲಿಗೇರಿಸಿ ನಿಂತೆ. ಪಟ್ಟಿ ಕೂರುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ, ಆ ಗೆರೆ ಬಿಟ್ಟು ಚುಚ್ಚಿದರು. ಕತ್ತಿನಲ್ಲೂ ಕೆಳಗೆ ಇಳಿಯದೆ ಕೂದಲಿನ ಅಂಚಿನ ಹತ್ತಿರವೇ ಕೊಟ್ಟರು. ಬಾಗಿಲಿನಲ್ಲಿ ನಿಂತಿದ್ದ ನರ್ಸ್ ಅಮ್ಮ 'ಒಂದು ಬಾರಿಸಿ' ಎಂದು ಕಣ್ಣಿನಲ್ಲೇ ಕೇಳಿದರು. ಆಗ ಆಗಲಿಲ್ಲ. ಈಗ ಕೇಳಿ, ಅಮ್ಮಾ.

ಮೊದಲ ಸರದಿಯ ಮೇಲೆ ಎಡ ರೆಪ್ಪೆ ಮೂರು ವಾರ ಜೋಲು ಬಿದ್ದಿತ್ತು. ಬಣ್ಣಗಾರಿಕೆ ಅರ್ಧಕ್ಕೆ ಬಿಟ್ಟು ಎದ್ದು ಬಂದ ವೇಷ ಎಂದು ನಮ್ಮ ಹಾಸ್ಯಗಾರರು ಅಂದದ್ದು ಇಲ್ಲಿ ದಾಖಲಾಗಲಿ.

ಸಹಕಾರಿ ಸಂಘದವರು ಕೊಟ್ಟ ಗೋಡೆಯ ಕ್ಯಾಲೆಂಡರಿನಲ್ಲಿ ನೋವಿದ್ದ ದಿನಕ್ಕೆಲ್ಲ ನನ್ನ ಹೆಂಡತಿ ಕೆಂಪು ಚುಕ್ಕೆ ಇಡುತ್ತಾ ಬಂದಳು. ಮೊದಲು ತಿಂಗಳಿಗೆ 26 ಚುಕ್ಕೆ. ಮೊದಲ ಸರದಿಯ ಮೇಲೆ 20. ಎರಡನೆಯದರ ಮೇಲೆ 13. ಈಗ 6 ಅಥವಾ 7. ಹನ್ನೆರಡು ವಾರಕ್ಕೊಮ್ಮೆ ಇದುವರೆಗೆ ಐದು ಸರದಿ ಆಗಿದೆ. ಅಂದರೆ ಒಟ್ಟು 155 ಚುಚ್ಚು. ಒಂದು ಸರದಿಯ ಯೂನಿಟ್ ಎಷ್ಟೋ ಅಷ್ಟೇ. ತಾಳ ಲೆಕ್ಕ ಹಾಕುವವನಿಗೆ ಇಂಥದ್ದೆಲ್ಲ ಕಣ್ಣಿಗೆ ಬೀಳುತ್ತದೆ.

ಫಾರ್ಮಸಿ ಓದುತ್ತಿರುವ ಮಗಳು ಈ ಮದ್ದಿನ ಜಾತಕವನ್ನೇ ಬಿಡಿಸಿ ಹೇಳಿದಳು. ಇನ್ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ಇದ್ದನಂತೆ, ಕವಿಯೂ ಹೌದು. ಕೆಟ್ಟ ಮಾಂಸದ ಸಾಸೇಜು ತಿಂದು ಜನ ಸಾಯುತ್ತಿದ್ದಾಗ ಆ ವಿಷವನ್ನು ತನ್ನ ನಾಲಿಗೆಯ ಮೇಲೇ ಹಾಕಿಕೊಂಡು ಪರೀಕ್ಷಿಸಿದನಂತೆ, ಇದು ಮುಂದೆ ಮದ್ದಾದೀತು ಎಂದೂ ಬರೆದಿಟ್ಟನಂತೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಸುಕ್ಕಿಗೆಂದು ಚುಚ್ಚಿಸಿಕೊಂಡವರು ತಲೆನೋವೂ ಹೋಯಿತು ಎಂದದ್ದರಿಂದ ಇನ್ನೊಂದು ದಾರಿ ತೆರೆಯಿತು. ನೋವಿನ ಸಂದೇಶ ಹೊರುವ ರಸಗಳನ್ನು ನರದ ತುದಿ ಹೊರಗೆ ಬಿಡದಂತೆ ಈ ವಿಷ ತಡೆಯುತ್ತದೆ.

ಅವಳು ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಪ್ರಿಯೆಂಪ್ಟ್ ಎಂಬ ಹೆಸರಿನ ಎರಡು ಪರೀಕ್ಷೆಗಳು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ನಡೆದವು. ಸದಾ ಮೈಗ್ರೇನಿನಲ್ಲಿ ನರಳುವ 1,384 ಮಂದಿ. ಅವರಲ್ಲಿ 688 ಮಂದಿಗೆ ಮದ್ದು, 696 ಮಂದಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದು ಎಂದು ಚುಚ್ಚುವವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. 24 ವಾರ ಕಳೆದ ಮೇಲೆ ನೋಡಿದರೆ, 28 ದಿನಗಳಲ್ಲಿ ತಲೆನೋವಿನ ದಿನಗಳು ಮದ್ದಿನವರಿಗೆ 8.4ರಷ್ಟು ಕಡಿಮೆಯಾಗಿದ್ದವು, ಉಪ್ಪುನೀರಿನವರಿಗೆ 6.6ರಷ್ಟು. ಅಮೆರಿಕ 2010ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಆ ಪರೀಕ್ಷೆಗಳ ಬಲದ ಮೇಲೆ.

'ನಡುವಿನ ಅಂತರ ಎರಡು ದಿನವೂ ಇಲ್ಲವಲ್ಲ!' ಎಂದೆ. 'ಹೌದಪ್ಪ, ನಿಮಗೆ ಕಡಿಮೆಯಾದದ್ದರಲ್ಲೂ ಎಷ್ಟು ಮದ್ದಿನದು, ಎಷ್ಟು ನಂಬಿಕೆಯದು, ಎಷ್ಟು ತಾನಾಗಿಯೇ ಇಳಿಯುವಂಥದ್ದು ಎಂದು ಹೇಳಲಿಕ್ಕಾಗುವುದಿಲ್ಲ' ಎಂದಳು. ಮಗಳಿಗೆ ಮುಲಾಜಿಲ್ಲ. ಒಂದು ದಿನ ಮನಸ್ಸು ಕೆಟ್ಟಿತು. ಆಮೇಲೆ ಹೊಳೆಯಿತು: ಆ 696 ಮಂದಿ ಇರದಿದ್ದರೆ ಕಂಪನಿಯವರು 8.4 ಎಂದೇ ಡಂಗುರ ಹೊಡೆಯುತ್ತಿದ್ದರು, ನನ್ನ ಡಾಕ್ಟರರೂ ನನಗೆ ಅದನ್ನೇ ಹೇಳಬೇಕಾಗುತ್ತಿತ್ತು. ಹೆಚ್ಚು ಆಸೆ ಹೊತ್ತು ಹೋಗಿ ಮೊದಲ ಸರದಿಗೇ ಬಿಟ್ಟುಬಿಡುತ್ತಿದ್ದೆನೋ ಏನೋ. ಅವರು ತಲೆ ನೋಯುತ್ತಿರುವಾಗಲೇ ಒಂದೊಂದು ಸರದಿಗೆ ಮೂವತ್ತಕ್ಕೂ ಹೆಚ್ಚು ಸಲ ಸೂಜಿಗೆ ತಲೆಯೊಡ್ಡಿದರು, ಒಳಗೆ ಹೋಗುತ್ತಿರುವುದು ನೀರೇ ಇರಬಹುದು ಎಂದು ತಿಳಿದೂ ಒಡ್ಡಿದರು. ಆಮೇಲಿನ ಸರದಿಗಳಲ್ಲಿ ಅವರಿಗೂ ಮದ್ದೇ ಸಿಕ್ಕಿತಂತೆ, ಕೇಳಿ ಸಮಾಧಾನವಾಯಿತು. ಪೆಟ್ಟು ತಿಂದ ತಲೆಗಳಿಗೆಂದೇ ಅಮೆರಿಕದ ಮಾಜಿ ಸೈನಿಕರ ಮೇಲೆ ಮಾಡಿದ ಸಣ್ಣ ಪರೀಕ್ಷೆಯೊಂದರಲ್ಲಿ ಒಬ್ಬರಿಗೇ ಒಮ್ಮೆ ಮದ್ದು, ಒಮ್ಮೆ ಉಪ್ಪುನೀರು ಕೊಟ್ಟು ನೋಡಿದ್ದಾರೆ. ಅವರಿಗೂ ನನ್ನ ನಮಸ್ಕಾರ. ಇದನ್ನು ಅವರಾರೂ ಓದುವುದಿಲ್ಲ, ಕನ್ನಡ ಬರಬೇಕಲ್ಲ. ಆದರೂ ಹಾಲಿನ ಡೈರಿಯ ಆ ಇಬ್ಬರ ಪಕ್ಕದಲ್ಲೇ ಅವರನ್ನೂ ಕೂರಿಸಿದ್ದೇನೆ.

ನನ್ನ ಬದಲು ಮೇಳದ ಎರಡು ತಿರುಗಾಟದ ಕಾಲವೂ ಚೆಂಡೆ ಹಿಡಿದ ಹುಡುಗನಿಗೆ ಪ್ರತ್ಯೇಕ ಮಾತು. ನಾನು ಮರಳಿದ ರಾತ್ರಿ ಬಣ್ಣದ ವೇಷದ ಒಡ್ಡೋಲಗಕ್ಕೆ, ಅಂದರೆ ರಾಕ್ಷಸ ಪಾತ್ರ ರಂಗಕ್ಕೆ ಬರುವ ಹೊತ್ತಿಗೆ, ಅವನೇ ಚೆಂಡೆಯ ಹಗ್ಗ ಬಿಗಿದು ನನ್ನ ಕೈಗೆ ಕೊಟ್ಟ. ತೆರೆಯ ಹಿಂದೆ ವೇಷ ಆರ್ಭಟ ಕೊಟ್ಟಾಗ ನನ್ನ ಕೈ ಒಂದು ಕ್ಷಣ ಹಿಂಜರಿಯಿತು. ಎಡೆ ಬಿದ್ದದ್ದು ಸಭೆಗೆ ತಿಳಿಯುವ ಮೊದಲೇ ಅವನು ಪಕ್ಕದಿಂದ ತುಂಬಿಕೊಟ್ಟ. ಭಾಗವತರು ತಿರುಗಿ ನೋಡಿದರು, ಏನೂ ಅನ್ನಲಿಲ್ಲ.

ಮುಂದಿನ ಸರದಿಯನ್ನು ಹನ್ನೆರಡರ ಬದಲು ಹದಿನೇಳು ವಾರಕ್ಕೆ ಮುಂದೂಡಿ ನೋಡೋಣ ಎಂದಿದ್ದಾರೆ ಡಾಕ್ಟರರು. ಲೆಕ್ಕ ಹಾಕಿದರೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಪತ್ತನಾಜೆಯ ಆಸುಪಾಸಿಗೆ ಬರುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಬರುತ್ತೇನೆ ಎಂದು ಹೇಳಿ ಚೀಟಿ ಬರೆಸಿಕೊಂಡಿದ್ದೇನೆ. ಅಷ್ಟರವರೆಗಿನ ಆಟಗಳಿಗೆ ನನ್ನನ್ನು ಹಿಡಿಯಿರಿ. ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ.