ಆ ಡಬ್ಬಿ ನಮ್ಮನೇದಲ್ಲ

ಸಕಲೇಶಪುರ

ಪ್ರೀತಿಯ ತಮ್ಮ,

ನೀನು ಕಳಿಸಿದ ಬರಹ ಮೊನ್ನೆ ಕೈಸೇರಿತು. ಮೊದಲ ಸಲ ಓದಿದಾಗ ಕಣ್ಣು ಒದ್ದೆಯಾಯಿತು. ಸಂಜೆ ಕಾಫಿ ಕುಡಿದು ಇನ್ನೊಂದು ಸಲ ಓದಿದೆ, ಆಗ ಸಿಟ್ಟು ಬಂತು. ನಿನ್ನ ಮೇಲಲ್ಲ, ಒದ್ದೆಯಾದ ನನ್ನ ಕಣ್ಣಿನ ಮೇಲೆ. ಅದರ ಬಗ್ಗೆಯೇ ಈ ಕಾಗದ. ಉದ್ದವಾದರೆ ಸಹಿಸಿಕೋ. ಮಳೆ ಹಿಡಿದು ಕೂತಿದೆ, ಕರೆಂಟಿಲ್ಲ, ನನಗೆ ಬೇರೆ ಕೆಲಸವೂ ಇಲ್ಲ.

ದಸರಾ ಆನೆ ಅರ್ಜುನನ ಬಗ್ಗೆ ಬರೆದಿದ್ದೀಯ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಡೆಯ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು, ಅರವತ್ತು ದಾಟಿದವನು. ರಾಜ್ಯಕ್ಕೆ ರಾಜ್ಯವೇ ಅತ್ತಿತು. ಮಾವುತ ಗೋಳಾಡಿದ್ದನ್ನು ನೀನು ಒಂದೂ ಹೆಚ್ಚಿನ ಮಾತಿಲ್ಲದೆ ಬರೆದಿದ್ದೀಯ. ಆ ವಯಸ್ಸಿನಲ್ಲಿ ನನಗೆ ಅಷ್ಟು ಬಿಗಿ ಇರಲಿಲ್ಲ.

ಆದರೆ ಅದಕ್ಕೆ ಮೂರು ತಿಂಗಳ ಮುಂಚೆ, ಆಗಸ್ಟ್ ಕೊನೆಯಲ್ಲಿ, ಇಲ್ಲೇ ಆಲೂರು ತಾಲ್ಲೂಕಿನಲ್ಲಿ ಕಾಡಾನೆಗೆ ಅರಿವಳಿಕೆ ಹೊಡೆಯಲು ಹೋದವರೊಬ್ಬರು ಅದೇ ಆನೆಯ ಕೈಗೆ ಸಿಕ್ಕಿ ಸತ್ತರು. ನಿನ್ನ ಬರಹದಲ್ಲಿ ಅವರಿಲ್ಲ. ಕಾಫಿ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟು ವಾಪಸ್ ಬಾರದ ಕೂಲಿಗಳೂ ಇಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳು: ಅರ್ಜುನ ಹತ್ತೂ ಜನಕ್ಕೆ ಗೊತ್ತು. ಇವರಲ್ಲಿ ಒಬ್ಬರ ಹೆಸರನ್ನಾದರೂ ಎಷ್ಟು ಜನ ಹೇಳುತ್ತಾರೆ, ಎಣಿಸು.

ಹಾಗಾದರೆ ಅರ್ಜುನನಿಗಾಗಿ ಅಳಬಾರದಿತ್ತೇ ಅನ್ನಬೇಡ ಮಾರಾಯ. ನಾನೂ ಅತ್ತಿದ್ದೇನೆ. ವಿಜಯದಶಮಿಯ ದಿನ ಟಿವಿಯಲ್ಲಿ ನೋಡಿ ನೋಡಿ ಅವನು ನಮ್ಮ ಮನೆಯವನಾಗಿದ್ದ. ಕನಿಕರ ಮದುವೆ ಪತ್ರಿಕೆ ಹಂಚುವವರ ಹಾಗೆ, ಗುರುತಿನವರ ಮನೆಗೇ ಮೊದಲು ಹೋಗುತ್ತದೆ. ದೂರದವರ ಮನೆ ತಲುಪುವ ಹೊತ್ತಿಗೆ ಕಾಲು ಸೋತಿರುತ್ತದೆ. ಹಾಗಾಗಿ ಯಾರನ್ನು ಗುರುತು ಮಾಡಿಸಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನಿಸುವವನ ಕೈಯಲ್ಲಿ ನಮ್ಮ ಕಣ್ಣೀರಿನ ನಲ್ಲಿ ಇರುತ್ತದೆ. ಲೇಖಕರೂ ಆ ಕೆಲಸವನ್ನೇ ಮಾಡುವವರು. ಅದಕ್ಕೇ ನಿನಗೆ ಇದನ್ನು ಹೇಳುತ್ತಿರುವುದು.

ನನ್ನದೇ ಒಂದು ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನದು, ಊರಿನ ಹೆಸರು ಬೇಡ. ತೋಟಕ್ಕೆ ಹೊರಟವನನ್ನು ಆನೆ ತುಳಿದಿತ್ತು. ನಾನು ಹೋಗುವಷ್ಟರಲ್ಲಿ ಹೆಣ ಎತ್ತಿದ್ದರು. ಕಾಫಿ ಗಿಡದ ಬುಡದಲ್ಲಿ ಅವನ ಬುತ್ತಿ ಡಬ್ಬಿ ಬಿದ್ದಿತ್ತು. ಮುಚ್ಚಳ ನೆಗ್ಗಿತ್ತು, ಒಳಗೆ ಎರಡು ಅಕ್ಕಿರೊಟ್ಟಿ, ಬದಿಗೆ ಕೆಸುವಿನ ಸೊಪ್ಪಿನ ಪಲ್ಯ. ರೊಟ್ಟಿಗೆ ಆಗಲೇ ಇರುವೆ ಮುತ್ತಿತ್ತು. ಬರೆಯುವವನಿಗೆ ಇನ್ನೇನು ಬೇಕು ಹೇಳು? ಡಬ್ಬಿಯಿಂದ ಶುರುಮಾಡಿ ಡಬ್ಬಿಯಲ್ಲೇ ಮುಗಿಸಿದೆ. ಪತ್ರಿಕೆಗೆ ರಾಶಿ ಕಾಗದ ಬಂತು. ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಚುನಾವಣೆ ಬಂತು. ಒಬ್ಬ ಅಭ್ಯರ್ಥಿಯ ಕಡೆಯವರು ನನ್ನ ಬರಹ ಜೆರಾಕ್ಸ್ ಮಾಡಿಸಿ ಸಂತೆಯಲ್ಲಿ ಹಂಚಿದರು. ಕೊನೆಯ ಎರಡು ಪ್ಯಾರಾ ಕತ್ತರಿಸಿ ತಮ್ಮದನ್ನು ಸೇರಿಸಿದ್ದರು: ಆನೆ ಬಂದದ್ದು ಗೊತ್ತಿದ್ದೂ ಆನೆ ಕಾಯುವ ವಾಚರ್ ಬಾಯಿ ಬಿಡಲಿಲ್ಲ ಅಂತ. ಸಭೆಯಲ್ಲಿ ಸತ್ತವನ ಹೆಂಡತಿಯನ್ನು ವೇದಿಕೆ ಮೇಲೆ ನಿಲ್ಲಿಸಿ ಕೈಗೆ ಡಬ್ಬಿ ಕೊಟ್ಟರು. ಅವಳು ಮಾತಾಡಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ. ಮುಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅಭ್ಯರ್ಥಿಯೂ ಅತ್ತ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅನ್ನುತ್ತಾರಲ್ಲ, ಆ ಗಾದೆಯ ಮೊದಲ ಅರ್ಧ ಯಾರೋ ಹೊಟ್ಟೆಕಿಚ್ಚಿನ ಗಂಡಸು ಕಟ್ಟಿದ್ದು, ಬಿಟ್ಟುಬಿಡು. ಎರಡನೇ ಅರ್ಧವನ್ನು ನಮ್ಮ ಜಿಲ್ಲೆಯ ಚುನಾವಣಾ ವೇದಿಕೆಗಳ ಹಿಂದೆ ಬ್ಯಾನರ್ ಮಾಡಿ ಕಟ್ಟಬಹುದು.

ಅವತ್ತು ರಾತ್ರಿ ಹುಡುಗರು ಹೋಗಿ ಆ ವಾಚರನನ್ನು ಮನೆಯಿಂದ ಎಳೆದು ಹೊಡೆದರು. ದಿನಗೂಲಿಯವನು. ಆನೆ ಕಾಯಲು ಅವನ ಹತ್ತಿರ ಇದ್ದದ್ದು ಒಂದು ಟಾರ್ಚು, ಒಂದು ದೊಣ್ಣೆ. ಹೊಡೆದವರಲ್ಲಿ ಇಬ್ಬರು ಮಧ್ಯಾಹ್ನ ಸಭೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೆ. ಅತ್ತಿದ್ದರಿಂದಲೇ ಹೊಡೆಯುವ ಹಕ್ಕು ಬಂತು ಅಂದುಕೊಂಡಿದ್ದರು. ತಾನು ಒಳ್ಳೆಯವನು ಅನ್ನಿಸಿದ ಗಳಿಗೆಯಲ್ಲಿ ಮನುಷ್ಯನ ಕೈ ಎಷ್ಟು ಸಲೀಸಾಗಿ ಏಳುತ್ತದೆ ಅಂತ ನನಗೆ ತಿಳಿದದ್ದು ಆವಾಗ.

ತಿಂಗಳು ಕಳೆದು ಸತ್ತವನ ಹೆಂಡತಿಯನ್ನು ನೋಡಲು ಹೋದೆ. ಆ ಡಬ್ಬಿಯ ಮಾತೆತ್ತಿದೆ. ಅವಳು ಒಲೆ ಊದುತ್ತಲೇ ಹೇಳಿದಳು: "ಆ ಡಬ್ಬಿ ನಮ್ಮನೇದಲ್ಲ ಸಾರ್. ನಮ್ದು ಪೊಲೀಸ್ನೋರು ತಗಂಡೋದ್ರು. ಇದ್ನ ಸಭೆಯೋರೇ ಅಂಗ್ಡಿಯಿಂದ ತಂದು ಕಲ್ಲಲ್ಲಿ ಕುಟ್ಟಿ ನೆಗ್ಗಿಸಿದ್ರು." ಅವಳಿದ್ದದ್ದು ತೋಟದ ಸಾಹುಕಾರರು ಕೂಲಿಗಳಿಗೆ ಕೊಡುವ ಲೈನ್ ಮನೆಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಲೈನ್ ಮನೆ ಖಾಲಿ ಮಾಡು ಅಂತವ್ರೆ. ಆಳೇ ಇಲ್ದಮೇಲೆ ಮನೆ ಯಾಕೆ ಅಂತ. ಅವತ್ತೇ ಹೇಳಿದ್ನಲ್ಲ, ನೀವು ಬರೀಲೇ ಇಲ್ಲ."

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಇತ್ತು. ಸಾವಾದ ದಿನವೇ ಹೇಳಿದ್ದಳು, ನಾನೇ ಬರೆದುಕೊಂಡಿದ್ದೆ. ಲೇಖನಕ್ಕೆ ಹಾಕಿರಲಿಲ್ಲ, ಡಬ್ಬಿಯ ಓಟಕ್ಕೆ ಅದು ಅಡ್ಡ ಬರುತ್ತಿತ್ತು. ಆ ಲೈನ್ ಮನೆಯ ಸಾಹುಕಾರರು ಸಭೆಯ ದಿನ ವೇದಿಕೆಯ ಎರಡನೇ ಕುರ್ಚಿಯಲ್ಲಿ ಕೂತಿದ್ದರು. ಆ ಒಂದು ಸಾಲು ನನ್ನ ಬರಹದಲ್ಲಿ ಇದ್ದಿದ್ದರೆ ಅದನ್ನು ಜೆರಾಕ್ಸ್ ಮಾಡಿಸುವುದು ಅವರಿಗೆ ಅಷ್ಟು ಸುಲಭ ಇರುತ್ತಿರಲಿಲ್ಲ.

ದೊಡ್ಡ ರಾಜಕಾರಣದಲ್ಲೂ ಇದೇ ಆಟ, ಡಬ್ಬಿ ಮಾತ್ರ ದೊಡ್ಡದು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ಬಂದಾಗ ನಾನು ಪಿಯುಸಿ. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ಮೂಡಿಗೆರೆ ಕಡೆ ಇದ್ದ ನನ್ನ ಸೋದರತ್ತೆಗೆ ರಾಜಕೀಯ ಅಂದರೆ ಏನೂ ಗೊತ್ತಿರಲಿಲ್ಲ. "ಪಾಪ, ಗಂಡ ಇಲ್ದೋರು, ಎಲ್ಲಾ ಸೇರ್ಕಂಡು ಆ ಯಮ್ಮನ್ನ ಗೋಳು ಹುಯ್ಕತಾವ್ರೆ" ಅಂತ ಹೋಗಿ ಓಟು ಹಾಕಿ ಬಂದಳು. ಗೆಲುವಿನ ಅಂತರ 77 ಸಾವಿರಕ್ಕೂ ಹೆಚ್ಚು. ಬರೀ ಪಾಪ ಅಂತ ಬಂದ ಓಟುಗಳಲ್ಲ ಅವು. ದೇವರಾಜ ಅರಸರ ಭೂಸುಧಾರಣೆಯ ನೆನಪೂ ಅದರಲ್ಲಿ ಇತ್ತು. ಆದರೂ ಅತ್ತೆಯ ಆ "ಪಾಪ" ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಅದೇ ಇಂದಿರಾ ಹೇರಿದ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ ತೀರಿಹೋದರು. ಅವರೂ ಹೆಣ್ಣೇ. ಅತ್ತೆಗೆ ಆ ಹೆಸರನ್ನು ಯಾರೂ ಹೇಳಿರಲಿಲ್ಲ.

ಪತ್ರಿಕೆಯವರು ಇದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ, ಅನುಕಂಪದ ಅಲೆ. ಒಳ್ಳೆಯ ಹೆಸರು, ಯಾಕೆಂದರೆ ಅಲೆ ಇಳಿಯುತ್ತದೆ. ಇಂದಿರಾ ಹತ್ಯೆಯ ಬೆನ್ನಿಗೆ 1984ರ ಡಿಸೆಂಬರ್‌ನಲ್ಲಿ ಕರ್ನಾಟಕ ಲೋಕಸಭೆಯ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರು ತಿಂಗಳು ಕಳೆದು ಅದೇ ಜನ ವಿಧಾನಸಭೆಯ 224ರಲ್ಲಿ 139 ಸ್ಥಾನ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು. ನಮ್ಮವರು ದಡ್ಡರಲ್ಲ ಅನ್ನಲು ಇದನ್ನು ಹೇಳಿಕೊಂಡು ಖುಷಿಪಡುತ್ತೇವೆ. ಆದರೆ ದಿಲ್ಲಿಯಲ್ಲಿ ಅದೇ ದುಃಖದ ಹೆಸರಿನಲ್ಲಿ, ಅಲೆ ಇಳಿಯುವ ಮುಂಚೆಯೇ, ಏನೂ ಅರಿಯದ ಸಾವಿರಾರು ಸಿಖ್ಖರನ್ನು ಕೊಂದರಲ್ಲ. ನನ್ನ ವಾಚರನ ಕಥೆಯೇ ಅದು, ಊರು ಬೇರೆ.

ಹೊರದೇಶದ್ದೂ ಒಂದು ಕೇಳು. 1990ರ ಅಕ್ಟೋಬರ್ 10ರಂದು ಹದಿನೈದು ವರ್ಷದ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಅಳುತ್ತ ಸಾಕ್ಷಿ ಹೇಳಿದಳು: ಕುವೈತಿನ ಆಸ್ಪತ್ರೆಯಲ್ಲಿ ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಅಂತ. ಅಧ್ಯಕ್ಷ ಬುಷ್ ಭಾಷಣದ ಮೇಲೆ ಭಾಷಣದಲ್ಲಿ ಅದನ್ನೇ ಹೇಳಿದರು. ಜನವರಿಯಲ್ಲಿ ಇರಾಕ್ ಮೇಲೆ ಯುದ್ಧ ಶುರುವಾಯಿತು. ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಸಾಕ್ಷಿಯ ಏರ್ಪಾಟು ಮಾಡಿದ್ದು ಕೂಲಿ ಪಡೆದ ಪ್ರಚಾರ ಕಂಪನಿ ಅಂತ ಲೋಕಕ್ಕೆ ತಿಳಿದದ್ದು 1992ರಲ್ಲಿ. ಇರಾಕಿ ಸೈನ್ಯ ಅಲ್ಲಿ ನಿಜವಾಗಿ ಮಾಡಿದ ಕ್ರೌರ್ಯಗಳು ಬೇಕಾದಷ್ಟಿದ್ದವು. ಅವು ಸಾಲಲಿಲ್ಲ, ಕೂಸು ಬೇಕಾಯಿತು. ಡಬ್ಬಿಯನ್ನು ಕಲ್ಲಲ್ಲಿ ಕುಟ್ಟುವುದು ಅಂದರೆ ಇದೇ.

ಇಷ್ಟು ಓದಿ ಅಳುವವರನ್ನೆಲ್ಲ ನಾಟಕ ಅಂದುಬಿಡಬೇಡ. ಈಗ ಅದೊಂದು ಹೊಸ ಚಾಳಿ. ಯಾರೇ ನೊಂದು ಬಾಯಿ ಬಿಟ್ಟರೂ "ಇದರ ಹಿಂದೆ ಯಾರಿದ್ದಾರೆ" ಅನ್ನುವುದು. ಅದೂ ಅದೇ ಅಂಗಡಿಯ ಸರಕು. ಅವಳ ಗಂಡ ಸತ್ತದ್ದು ನಿಜ, ರೊಟ್ಟಿಗೆ ಇರುವೆ ಮುತ್ತಿದ್ದು ನಿಜ.

ಹಾಗಂತ ಡಬ್ಬಿ ಬಿಟ್ಟು ಬರೀ ಅಂಕಿ ಬರೆದರೆ ಯಾರೂ ಓದುವುದಿಲ್ಲ, ಅದೂ ಗೊತ್ತು. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಜನರ ಕೈಗೆ ಐದು ಡಾಲರ್ ಕೊಟ್ಟು ಆಫ್ರಿಕದ ಹಸಿವಿಗೆ ದಾನ ಕೇಳಿದರು. ಮಾಲಿ ದೇಶದ ಏಳು ವರ್ಷದ ರೊಕಿಯಾ ಅನ್ನುವ ಹುಡುಗಿಯ ಕಥೆ ಓದಿದವರು, ಲಕ್ಷಾಂತರ ಜನರ ಅಂಕಿ ಓದಿದವರಿಗಿಂತ ಎರಡರಷ್ಟು ಕೊಟ್ಟರು. ಹುಡುಗಿಯ ಜೊತೆ ಅಂಕಿಯನ್ನೂ ಸೇರಿಸಿದಾಗ ಮತ್ತೆ ಕೈ ಬಿಗಿಯಾಯಿತು. ಹಾಗಾಗಿ ಅಂಕಿಯನ್ನು ಪಕ್ಕದಲ್ಲಿ ಅಂಟಿಸಿದರೆ ಆಗುವುದಿಲ್ಲ. ಲೈನ್ ಮನೆಯನ್ನು ಡಬ್ಬಿಯ ಒಳಗೇ ಇಡಬೇಕು. ಅವಳು ರೊಟ್ಟಿ ತಟ್ಟಿದ ಆ ಒಲೆ ಯಾರ ಮನೆಯದು, ನಾಳೆ ಅದರಲ್ಲಿ ಬೆಂಕಿ ಹಾಕಲು ಯಾರ ಅಪ್ಪಣೆ ಬೇಕು, ಅಲ್ಲಿಂದ ಶುರುಮಾಡಿದ್ದರೆ ಆಗುತ್ತಿತ್ತು. ನನಗೆ ಹೊಳೆದದ್ದು ತಡವಾಗಿ.

ನಿನ್ನ ಬರಹ ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲಿನಲ್ಲಿ ಮೂರು ಕಡೆ ಗುರುತು ಹಾಕಿದ್ದೇನೆ. ಓದುವವನು ಯಾರ ಮೇಲಾದರೂ ಹಲ್ಲು ಕಡಿಯುವಂತೆ ಮಾಡಿದ ಜಾಗಗಳವು. ಅಲ್ಲಿ ಒಂದು ಸಲ ಕೂತು ಯೋಚಿಸು. ನಿನ್ನ ನೋಟ್‌ಬುಕ್ಕನ್ನೂ ತಿರುವಿ ನೋಡು, ಓಟಕ್ಕೆ ಅಡ್ಡ ಬಂತು ಅಂತ ಬಿಟ್ಟ ಸಾಲು ಇದ್ದೇ ಇರುತ್ತದೆ. ಆಮೇಲೆ ಆಲೂರು ಕಡೆಗೆ ಒಮ್ಮೆ ಹೋಗಿ ಬಾ.

ನನ್ನ ಆ ಹೆಂಗಸು ಈಗ ಬೇಲೂರು ಹತ್ತಿರ ಮಗನ ಮನೆಯಲ್ಲಿದ್ದಾಳೆ. ಹೋದ ವರ್ಷ ಹೋಗಿದ್ದೆ. ನೆಗ್ಗಿದ ಡಬ್ಬಿ ಅಟ್ಟದ ಮೇಲೆ ಇತ್ತು, ಬಿತ್ತನೆಗೆ ಅವರೆ ಬೀಜ ತುಂಬಿಟ್ಟಿದ್ದಳು. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಹುಳ ಬೀಳುತ್ತದೆ ಅಂತ ಬೈಯುತ್ತಿದ್ದಳು.

ನಿನ್ನ
ಹಿರಿಯ ಗೆಳೆಯ