ಮನೆಯಲ್ಲೂ ಇಂಗ್ಲಿಷ್ ಮಾತಾಡಬೇಕಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗಳಿಗೆ ಇಂಗ್ಲಿಷ್ ಬೇಗ ಬರಲಿ, ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಅಂತ ಟೀಚರು ಹೇಳಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಮಾಡಬೇಡ. ಅವರ ಕಾಳಜಿ ನಿಜವೇ, ಹೇಳಿದ ಮದ್ದು ಮಾತ್ರ ಸರಿಯಿಲ್ಲ. ಕಾರಣ ಸ್ವಲ್ಪ ಉದ್ದವಿದೆ, ಪುರುಸೊತ್ತು ಮಾಡಿಕೊಂಡು ಓದು.

ಅಭ್ಯಾಸವಿಲ್ಲದ ಭಾಷೆಗೆ ಮನೆ ಹೊರಳಿದರೆ ಮೊದಲು ಆಗುವುದು ಮಾತು ಕುಗ್ಗುವುದು. ‘ಕಮ್’, ‘ಸಿಟ್’, ‘ಡೋಂಟ್ ಟಚ್’. ಆಜ್ಞೆ ಕೊಡಲು ಅಷ್ಟು ಇಂಗ್ಲಿಷ್ ಸಾಕು. ಮಗು ‘ಇರುವೆಗಳು ಸಾಲು ಯಾಕೆ ತಪ್ಪಲ್ಲ?’ ಅಂತ ಕೇಳಿದಾಗ ತಡವರಿಕೆ ಶುರುವಾಗುತ್ತದೆ, ‘ಆಮೇಲೆ ಹೇಳ್ತೀನಿ’ ಅಂತ ಮುಗಿಯುತ್ತದೆ. ಭಾಷೆ ಬೆಳೆಯುವುದು ಈ ಎರಡನೇ ಬಗೆಯ ಮಾತಿನಲ್ಲೇ. ಕಾರಣ ಕೊಡುವುದು, ನಡೆದದ್ದನ್ನು ಹಿಂದುಮುಂದಾಗದಂತೆ ಹೇಳುವುದು, ಮುಂದೇನಾದೀತು ಅಂತ ಊಹಿಸುವುದು. ಇವನ್ನು ಒಂದು ಭಾಷೆಯಲ್ಲಿ ಚೆನ್ನಾಗಿ ಕಲಿತ ಮಗು ಇನ್ನೊಂದಕ್ಕೆ ಸಾಗಿಸಿಕೊಳ್ಳುತ್ತದೆ. ಮಗಳ ಹತ್ತಿರ ಇಂಗ್ಲಿಷಿಗೆ ಇಡೀ ಶಾಲೆಯೇ ಇದೆ. ಕನ್ನಡಕ್ಕೆ ಇರುವವರು ನೀವಿಬ್ಬರು.

ಇನ್ನೊಂದು ಮೋಸ ಇದೆ. ಶಾಲೆಗೆ ಸೇರಿದ ವರ್ಷ ಒಪ್ಪತ್ತಿನಲ್ಲಿ ಮಗು ಪಟಪಟ ಇಂಗ್ಲಿಷ್ ಆಡುತ್ತದೆ, ಎಲ್ಲರೂ ‘ಬಂತು’ ಅಂದುಬಿಡುತ್ತಾರೆ. ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಆಟದ ಮೈದಾನದ ಭಾಷೆಯನ್ನೂ ಪಾಠದ ಭಾಷೆಯನ್ನೂ ಬೇರೆ ಮಾಡಿ ತೋರಿಸಿದರು. ಮೊದಲನೆಯದಕ್ಕೆ ಸುಮಾರು 2 ವರ್ಷ ಸಾಕು, ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು ಎಂಬುದು ಅವರ ಅಂದಾಜು. ಪೆಟ್ಟು ಬೀಳುವುದು ಈ ನಡುವಿನ ವರ್ಷಗಳಲ್ಲಿ. ಮಾತು ಸಲೀಸು, ಆದರೆ ಮೂರು ನಾಲ್ಕನೇ ತರಗತಿಯ ವಿಜ್ಞಾನದ ಪುಟ ತಲೆಗೆ ಹತ್ತುವುದಿಲ್ಲ. ಆಗ ‘ಹುಡುಗಿ ಸೋಮಾರಿ’ ಎಂಬ ಹಣೆಪಟ್ಟಿ ಬರುತ್ತದೆ.

ಭಾಷೆಯ ತೊಡಕೋ ವಿಷಯದ ತೊಡಕೋ ಅಂತ ಮನೆಯಲ್ಲೇ ಪತ್ತೆ ಹಚ್ಚಬಹುದು. ಇಂಗ್ಲಿಷಿನಲ್ಲಿ ಒಂದು ಲೆಕ್ಕ: ರಾಮುವಿನ ಹತ್ತಿರ 18 ಗೋಲಿ ಇವೆ, ಅದು ಶಾಮುವಿನ ಹತ್ತಿರ ಇರುವುದಕ್ಕಿಂತ 5 ಹೆಚ್ಚು, ಶಾಮುವಿನ ಹತ್ತಿರ ಎಷ್ಟು? ‘ಮೋರ್’ ಎಂದು ಕಂಡ ಕೂಡಲೇ ಬಹಳ ಮಕ್ಕಳು ಕೂಡಿ 23 ಅನ್ನುತ್ತವೆ. ತಪ್ಪು ಅಂತ ಹೇಳಬೇಡ. ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳು. 13 ಅಂದರೆ ಗಣಿತ ಗೊತ್ತಿದೆ, ಇಂಗ್ಲಿಷ್ ವಾಕ್ಯ ಬಿಡಿಸಲು ಬರುತ್ತಿಲ್ಲ. ಆಗಲೂ 23 ಅಂದರೆ ಹೋಲಿಕೆಯ ಲೆಕ್ಕವೇ ಅರ್ಥವಾಗಿಲ್ಲ, ಗೋಲಿ ಜೋಡಿಸಿ ತೋರಿಸಬೇಕು. ಎರಡಕ್ಕೂ ಇನ್ನಷ್ಟು ಇಂಗ್ಲಿಷ್ ಮಗ್ಗಿ ಉರು ಹೊಡೆಸುವುದು ಉಪಾಯವಲ್ಲ.

ಕೆನಡಾದಲ್ಲಿ ಮಕ್ಕಳನ್ನು ಪೂರ್ತಿ ಬೇರೆ ಭಾಷೆಯಲ್ಲೇ ಓದಿಸಿ ಗೆದ್ದಿದ್ದಾರಲ್ಲ ಅಂತ ನೀನು ವಾದ ತೆಗೆಯುತ್ತೀಯ, ಗೊತ್ತು. ನಿಜ. ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಶುರುವಾಯಿತು. ಇಂಗ್ಲಿಷಿಗೂ ಏನೂ ಊನವಾಗಲಿಲ್ಲ. ಆದರೆ ಆ ಮಕ್ಕಳ ಮನೆಮಾತು ಇಡೀ ದೇಶದಲ್ಲಿ ಬಲವಾಗಿದ್ದ ಭಾಷೆ, ಅದು ಕಳೆದುಹೋಗುವ ಭಯವೇ ಇರಲಿಲ್ಲ. ಟೀಚರಿಗೂ ಎರಡೂ ಭಾಷೆ ಬರುತ್ತಿತ್ತು, ತರಗತಿಯ ಮಕ್ಕಳೆಲ್ಲ ಸೊನ್ನೆಯಿಂದಲೇ ಹೊರಟವರು. ಇದ್ದುದಕ್ಕೆ ಇನ್ನೊಂದು ಸೇರಿತು. ಮನೆಮಾತಿಗೆ ಶಾಲೆಯಲ್ಲಿ ಜಾಗವೇ ಇಲ್ಲದ ಕಡೆ ಒಂದು ಬಂದು ಇನ್ನೊಂದನ್ನು ತಳ್ಳುತ್ತದೆ. ಅಲ್ಲಿಂದ ಇನ್ನೊಂದು ಪಾಠವೂ ಇದೆ: ವರ್ಷಗಟ್ಟಲೆ ಕೇಳಿದ ಮೇಲೂ ಆ ಮಕ್ಕಳ ಫ್ರೆಂಚ್ ಮಾತು, ಬರಹದಲ್ಲಿ ವ್ಯಾಕರಣದ ತಪ್ಪು ಉಳಿದೇ ಇತ್ತು. ತರಗತಿಯಲ್ಲಿ ಮಕ್ಕಳು ಉದ್ದನೆಯ ಮಾತಾಡುವ ಅವಕಾಶವೇ ಕಡಿಮೆ ಎಂದು ಕೆನಡಾದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಬರೆದರು. ಕೇಳಿಸಿಕೊಂಡರೆ ಅರ್ಥವಾದೀತು, ಬಾಯಿ ಬರಬೇಕಾದರೆ ಆಡಿಸಬೇಕು.

ಶಾಲೆಯವರು ಕೇಳುವ ಮನಸ್ಸಿನವರಾದರೆ ಒಂದು ಕ್ರಮ ಹೇಳಿ ನೋಡು. 40 ನಿಮಿಷದ ಪಾಠದಲ್ಲಿ ಮೊದಲ 5 ನಿಮಿಷ ಇವತ್ತು ಏನು ಕಲಿಯುತ್ತೇವೆ ಅಂತ ಮನೆಮಾತಿನಲ್ಲಿ. ಪಾಠ ಇಂಗ್ಲಿಷಿನಲ್ಲಿ, ಚಿತ್ರ, ವಸ್ತು, ಹಲಗೆಯ ಮೇಲೆ ಐದಾರು ಮುಖ್ಯ ಪದಗಳ ಜೊತೆ. ಕೊನೆಯ 5ರಿಂದ 10 ನಿಮಿಷ ಮಕ್ಕಳೇ ಜೋಡಿಯಾಗಿ ಕೂತು ತಿಳಿದದ್ದನ್ನು ಮನೆಮಾತಿನಲ್ಲಿ ಹೇಳಬೇಕು. ಎಷ್ಟೋ ಕಡೆ ಇದರ ಬದಲು ಟೀಚರು ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ ಅದನ್ನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ಸುಲಭ, ಆದರೆ ಮಕ್ಕಳು ಜಾಣರು: ಹೇಗೂ ಕನ್ನಡ ಬರುತ್ತದಲ್ಲ ಅಂತ ಇಂಗ್ಲಿಷ್ ವಾಕ್ಯಕ್ಕೆ ಕಿವಿ ಕೊಡುವುದನ್ನೇ ಬಿಡುತ್ತಾರೆ.

ಇನ್ನು ಮನೆ. ಒಬ್ಬರು ಒಂದು ಭಾಷೆ, ಇನ್ನೊಬ್ಬರು ಇನ್ನೊಂದು ಎಂಬ ಪದ್ಧತಿ ಫ್ರೆಂಚ್ ಭಾಷಾಶಾಸ್ತ್ರಜ್ಞ ಜೂಲ್ ರೋಂಜಾನ 1913ರ ಪುಸ್ತಕದಿಂದ ಹೆಸರಾಯಿತು. ಅಪ್ಪ ಅಮ್ಮನ ಮಾತೃಭಾಷೆ ಬೇರೆ ಬೇರೆಯಿದ್ದರೆ ಸಹಜ. ನಿಮಗೆ ಬೇಕಿಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 1,899 ಮನೆಗಳನ್ನು ಸಮೀಕ್ಷೆ ಮಾಡಿದ ಭಾಷಾ ಸಂಶೋಧಕಿ ಆನಿಕ್ ಡಿ ಹೌವರ್ ಅವರ 2007ರ ವರದಿಯ ಪ್ರಕಾರ, ಆ ಪದ್ಧತಿ ಇದ್ದ ಮನೆಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಷ್ಟೇ ಮಕ್ಕಳು ಹೊರಗೆ ಕೇಳದ ಭಾಷೆಯನ್ನೂ ಆಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಆ ಭಾಷೆಯನ್ನೇ ಆಡಿದ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಅದು ಉಳಿದಿತ್ತು.

ಮಗಳು ‘ಐ ಲಾಸ್ಟ್ ಮೈ ಇರೇಸರ್’ ಅಂದಳು ಅಂತಿಟ್ಟುಕೋ. ‘ಕನ್ನಡದಲ್ಲಿ ಹೇಳು’ ಅಂದರೆ ಅವಳು ಹೇಳುವುದನ್ನೇ ನಿಲ್ಲಿಸುತ್ತಾಳೆ. ‘ಅಯ್ಯೋ, ರಬ್ಬರ್ ಕಳೆದುಹೋಯ್ತಾ? ಎಲ್ಲಿ ಬಿದ್ದಿರಬಹುದು?’ ಅಂತ ಕೇಳು. ಅವಳಿಗೆ ಬೇಕಾದ ವಾಕ್ಯ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಎಚ್ಚರ ಇಡಬೇಕಾದ್ದು ನಮ್ಮ ಮಾತಿನ ಮೇಲೆ: ‘ಹ್ಯಾಂಡ್ ವಾಶ್ ಮಾಡು’, ‘ಡೋರ್ ಕ್ಲೋಸ್ ಮಾಡು’. ಇಡೀ ದಿನ ಹೀಗೇ ಆಡಿದರೆ ತೊಳೆ, ಉಜ್ಜು, ಒರೆಸು, ಮುಚ್ಚು, ಚಿಲಕ ಹಾಕು ಎಲ್ಲ ಹೋಗಿ ಮಗುವಿಗೆ ಉಳಿಯುವ ಕ್ರಿಯಾಪದ ‘ಮಾಡು’ ಒಂದೇ. ಮಗು ತಾನೇ ಎರಡು ಭಾಷೆ ಬೆರೆಸಿದರೆ ಗಾಬರಿ ಬೇಡ, ಎರಡು ಭಾಷೆ ಆಡುವವರೆಲ್ಲ ಬೆರೆಸುತ್ತಾರೆ.

ಓದುವ ವಿಷಯಕ್ಕೆ ಬಂದರೆ, ಕನ್ನಡ ಕಲಿಕೆ ಅರ್ಧಕ್ಕೆ ನಿಲ್ಲುವುದು ಬಹಳ ಸಲ ಕಾಗುಣಿತದ ಹತ್ತಿರ. ಉರು ಹೊಡೆದ ಮಗು ‘ಕೌ’ ಗುರುತಿಸಲು ‘ಕ, ಕಾ, ಕಿ’ ಅಂತ ಮೊದಲಿನಿಂದ ಎಣಿಸಿಕೊಂಡು ಬರುತ್ತದೆ. ಸಾಲು ತಪ್ಪಿಸಿ ಚೀಟಿ ತೋರಿಸು, ಎಲ್ಲಿ ತೊಡಕು ಅಂತ ಗೊತ್ತಾಗುತ್ತದೆ. ಆಮೇಲೆ ಒತ್ತಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲಾಕ್ಷರದಂತೆ ಕಾಣುವುದಿಲ್ಲ, ಅದಕ್ಕೇ ಕಷ್ಟ. ಹತ್ತು, ಅನ್ನ, ಅಮ್ಮ, ಅಯ್ಯೋ, ಚಕ್ರ, ಹಲ್ಲು ಎಂಬ ಗೊತ್ತಿರುವ ಪದಗಳಿಂದಲೇ, ವಾರಕ್ಕೆ ಒಂದರಂತೆ ಕಲಿಸು. ‘ಸೂರ್ಯ’ದ ಅರ್ಕಾವೊತ್ತು ಕೊನೆಗಿರಲಿ, ಉಲಿಯುವಾಗ ಮೊದಲು ಬರುವುದನ್ನು ಬರೆಯುವಾಗ ಆಮೇಲೆ ಇಡಬೇಕಾದ್ದರಿಂದ ದೊಡ್ಡವರೂ ತಪ್ಪುತ್ತಾರೆ. ಒತ್ತಕ್ಷರ ಬಾರದ ಮಗುವಿಗೆ ಯಾವ ಕಥೆಪುಸ್ತಕವೂ ಎರಡು ಸಾಲು ದಾಟುವುದಿಲ್ಲ. ಇಂಗ್ಲಿಷಿನಲ್ಲಿ ತೊಡಕು ಬೇರೆ: ಕನ್ನಡದ ವ್ಯಂಜನಕ್ಕೆ ‘ಅ’ ಅಂಟಿಕೊಂಡೇ ಇರುವುದರಿಂದ ಮಗು ‘ಬ-ಅ-ಟ’ ಅನ್ನುತ್ತದೆ. ‘ಬ್’, ‘ಟ್’ ಅಂತ ಮೊಟಕಾಗಿ ಉಲಿಯುವುದನ್ನು ಕಲಿಸಿದರೆ ‘ಬ್ಯಾಟ್’ ಕೂಡಿಕೊಳ್ಳುತ್ತದೆ.

ದಿನಕ್ಕೆ 15 ನಿಮಿಷ ಕನ್ನಡ ಪುಸ್ತಕ ಓದಿ ಹೇಳು. ಒಂದೇ ಪುಸ್ತಕ ನಾಲ್ಕೈದು ದಿನ ಆಗಲಿ. ಮೊದಲ ದಿನ ನೀನು ಓದು, ಎರಡನೇ ದಿನ ‘ಯಾಕೆ’ ಅಂತ ಕೇಳು, ಕೊನೆಗೆ ಚಿತ್ರ ನೋಡಿಕೊಂಡು ಅವಳೇ ಹೇಳಲಿ.

ಹೊಸ ಭಾಷೆಯ ತರಗತಿಯಲ್ಲಿ ಮಗು ಕೆಲವು ತಿಂಗಳು ಬಾಯಿ ಬಿಡದೆ ಕೂರುವುದು ಸಾಮಾನ್ಯ. ಅವಳು ಮನೆಗೆ ಬಂದು ಕನ್ನಡದಲ್ಲಿ ಎಂದಿನಂತೆ ಹರಟುತ್ತಿದ್ದರೆ ಕಾದು ನೋಡು. ಮನೆಯಲ್ಲೂ ಮಾತು ಕಡಿಮೆಯಾಗಿದ್ದರೆ, ಕರೆದರೆ ತಿರುಗದಿದ್ದರೆ, ಎರಡೂ ಭಾಷೆಯಲ್ಲಿ ಓರಗೆಯವರಿಗಿಂತ ತೀರಾ ಹಿಂದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸು, ಆಮೇಲೆ ವಾಕ್ ಚಿಕಿತ್ಸಕರ ಹತ್ತಿರ ಹೋಗು. ಅವರು ಪದ ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು. ‘ಒಂದು ಭಾಷೆ ಬಿಡಿ’ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳು. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ.

ಮುಂದಿನ ಸಲ ಟೀಚರನ್ನು ಕಂಡಾಗ ವಾದಕ್ಕೆ ಇಳಿಯಬೇಡ. ಬರುವ ವಾರದ ಪಾಠಗಳ ಹೆಸರು ಮೊದಲೇ ಕೊಡಿ, ವಿಷಯವನ್ನು ಮನೆಯಲ್ಲಿ ಕನ್ನಡದಲ್ಲಿ ಮಾತಾಡಿಸಿ ಕಳಿಸುತ್ತೇವೆ ಅಂತ ಕೇಳು. ಕೊಡುತ್ತಾರೆ.

ಇಂತಿ ನಿನ್ನ ಗೆಳೆಯ